ಸಬ್ಸಿಡಿ ಸರ್ಕಾರದ್ದು, ರುಜು ನಮ್ಮದು

(ಸೌರಶಕ್ತಿ ಮತ್ತು ಹಳ್ಳಿ ಉದ್ಯಮಗಳಿಗೆ ಸಿಗುವ ಸಹಾಯಧನ, ಸಾಲಗಳ ಬಗ್ಗೆ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಬೆಲೆ ವಿಷಯ ಮಾತಾಡಬೇಕು ಅಂತ ನನ್ನನ್ನ ಕರೆದಿದ್ದೀರಿ. ಬೆಲೆಗೆ ಬರ್ತೀನಿ. ಅದಕ್ಕೆ ಮೊದಲು ಇನ್ನೊಂದು ವಿಷಯ ಇದೆ. ಈಚೆಗೆ ಹಳ್ಳಿಗಳಲ್ಲಿ ನನ್ನ ಮುಂದೆ ಕಾಗದ ಹಿಡಿದು ಬರೋರು ಜಾಸ್ತಿ ಆಗಿದ್ದಾರೆ. ಒಬ್ಬರ ಕೈಲಿ ಸೋಲಾರ್ ಪಂಪಿನ ಅರ್ಜಿ, ಇನ್ನೊಬ್ಬರ ಕೈಲಿ ಎಣ್ಣೆ ಗಾಣದ ಯೋಜನಾ ವರದಿ, ಮತ್ತೊಬ್ಬರ ಕೈಲಿ ಜಮೀನು ಗುತ್ತಿಗೆಯ ಕರಾರು. ಎಲ್ಲರದೂ ಒಂದೇ ಪ್ರಶ್ನೆ: “ಅಣ್ಣ, ಇದಕ್ಕೆ ರುಜು ಹಾಕಬಹುದಾ?”

ಹಾಕಿ ಅಂತ ಸಾರಾಸಗಟಾಗಿ ಹೇಳೋಕೂ ಆಗೋದಿಲ್ಲ, ಬೇಡ ಅನ್ನೋಕೂ ಆಗೋದಿಲ್ಲ. ಓದಿ ಹಾಕಿ ಅನ್ನೋದು ನನ್ನ ಮಾತು. ಏನನ್ನ ಓದಬೇಕು ಅನ್ನೋದೇ ಈ ಹೊತ್ತಿನ ಭಾಷಣ.

ನಮ್ಮ ಮನೆಯ ಕತೆಯಿಂದಲೇ ಶುರು ಮಾಡ್ತೀನಿ. 1984ರಲ್ಲಿ ನಮ್ಮಪ್ಪ ಗೋಬರ್ ಗ್ಯಾಸ್ ಗುಂಡಿ ಕಟ್ಟಿಸಿದರು. ದೇಶದಲ್ಲೆಲ್ಲ ಆಗ ಅದರ ಭರಾಟೆ. 1981-82ರಲ್ಲೇ ಕೇಂದ್ರ ಸರ್ಕಾರದ ರಾಷ್ಟ್ರೀಯ ಯೋಜನೆ ಬಂದಿತ್ತು. ನಮ್ಮ ಕೊಟ್ಟಿಗೆಯಲ್ಲಿದ್ದದ್ದು ನಾಲ್ಕು ರಾಸು. ನಾಲ್ಕು ರಾಸಿಗೆ ಎರಡು ಘನ ಮೀಟರಿನ ಗುಂಡಿ ಸರಿ. ಅದಕ್ಕೆ ದಿನಕ್ಕೆ ಐವತ್ತು ಕಿಲೋ ಸಗಣಿ ಬೇಕು. ಬಂದ ಸಾಹೇಬರು ನಾಲ್ಕು ಘನ ಮೀಟರಿನದು ಬರೆದರು. ದೊಡ್ಡದಕ್ಕೆ ಸಬ್ಸಿಡಿ ದೊಡ್ಡದು ಅಂದರು. ಸಾಲವೂ ದೊಡ್ಡದು ಅನ್ನೋದನ್ನ ಅವರು ಹೇಳಲಿಲ್ಲ, ಅಪ್ಪ ಕೇಳಲಿಲ್ಲ. ಮುಂದೆ ಬರ ಬಂತು, ಎರಡು ರಾಸು ಮಾರಿದೆವು. ಕಬ್ಬಿಣದ ಡ್ರಮ್ಮಿಗೆ ವರ್ಷ ವರ್ಷ ಬಣ್ಣ ಬಳಿಯಬೇಕು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. ಅದು ತುಕ್ಕು ಹಿಡಿದು ತೂತು ಬಿತ್ತು. ರಿಪೇರಿಗೆ ಅಂತ ಹುಡುಕಿದರೆ ಕಟ್ಟಿದ ಮೇಸ್ತ್ರಿಯೂ ಇಲ್ಲ, ಬರೆದ ಸಾಹೇಬರೂ ಇಲ್ಲ. ಬ್ಯಾಂಕಿನ ನೋಟೀಸು ಮಾತ್ರ ತಪ್ಪದೆ ಬರುತ್ತಿತ್ತು. ನಮ್ಮವ್ವ ಹೇಳೋಳು: “ಗ್ಯಾಸು ಮೂರು ವರ್ಷ ಉರೀತು, ಸಾಲ ಒಂಬತ್ತು ವರ್ಷ ಉರೀತು.”

ಇದನ್ನ ಗೋಬರ್ ಗ್ಯಾಸಿನ ಮೇಲೆ ತಪ್ಪು ಹೊರಿಸಲು ಹೇಳಲಿಲ್ಲ. ಶಿರಸಿ ಕಡೆ ಹೋಗಿ ನೋಡಿ. ಅಲ್ಲಿನ ಅಡಿಕೆ ಬೆಳೆಗಾರರ ಮನೆಗಳಲ್ಲಿ ಗ್ಯಾಸ್ ಗುಂಡಿಗಳು ಚೆನ್ನಾಗಿ ನಡೆದವು. 2001ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅದನ್ನೇ ಯಶಸ್ಸಿನ ಕತೆ ಎಂದು ವಿವರಿಸಿತು. ಕಾರಣ ಗುಟ್ಟಿನದೇನಲ್ಲ. ರಾಸು ಕೊಟ್ಟಿಗೆಯಲ್ಲೇ ಇದ್ದವು, ಕಟ್ಟುವವರು ಹತ್ತಿರದವರೇ, ಅರ್ಜಿಯಿಂದ ಹಿಡಿದು ಕಟ್ಟಿದ ಮೇಲಿನ ರಿಪೇರಿವರೆಗೂ ಅವರೇ ಹೊಣೆ ಹೊತ್ತರು. ನಮ್ಮೂರಿಗೂ ಶಿರಸಿಗೂ ಸಿಕ್ಕಿದ್ದು ಒಂದೇ ಸರ್ಕಾರದ ಸಬ್ಸಿಡಿ. ಅಲ್ಲಿ ಕಟ್ಟಿದ ಮೇಲೆ ಕೇಳುವವರಿದ್ದರು, ನಮ್ಮಲ್ಲಿ ಇರಲಿಲ್ಲ.

ಈಗ ಸೋಲಾರ್ ಪಂಪಿಗೆ ಬರೋಣ.

2019ರಲ್ಲಿ ಕೇಂದ್ರ ಸರ್ಕಾರ ಪಿಎಂ-ಕುಸುಮ್ ಯೋಜನೆ ತಂತು. ಅದರಲ್ಲಿ ಎ, ಬಿ, ಸಿ ಅಂತ ಮೂರು ಭಾಗ. ಬಿ ಅಂದರೆ ಕರೆಂಟು ಕಂಬದ ಹಂಗಿಲ್ಲದೆ ಬಿಸಿಲಲ್ಲೇ ಓಡುವ ಪಂಪು. ಮೊದಲಿನ ಲೆಕ್ಕ ಹೀಗಿತ್ತು: ಕೇಂದ್ರದ್ದು ನೂರಕ್ಕೆ 30, ರಾಜ್ಯದ್ದು 30, ರೈತನದು 40, ಆ 40ರಲ್ಲಿ 30ರವರೆಗೆ ಬ್ಯಾಂಕ್ ಸಾಲ. ಆಮೇಲೆ ಕರ್ನಾಟಕ ತನ್ನ ಪಾಲನ್ನು 50ಕ್ಕೆ ಏರಿಸಿತು; ರೈತನ ಪಾಲು 20ಕ್ಕೆ ಇಳಿಯಿತು. ಪಂಪಿನ ಒಟ್ಟು ಬೆಲೆ ನಾಲ್ಕು ಲಕ್ಷ ಅಂತ ಇಟ್ಟುಕೊಳ್ಳಿ: ಕೇಂದ್ರ 1 ಲಕ್ಷ 20 ಸಾವಿರ, ರಾಜ್ಯ 2 ಲಕ್ಷ, ನಾವು 80 ಸಾವಿರ. ಕೇಳಲಿಕ್ಕೆ ಚೆನ್ನಾಗಿದೆ.

ಆದರೆ ಹಿನ್ನೆಲೆ ಮರೀಬೇಡಿ. ನಮ್ಮ ರಾಜ್ಯದಲ್ಲಿ 10 ಎಚ್.ಪಿ.ವರೆಗಿನ ಪಂಪ್‌ಸೆಟ್ಟಿಗೆ ಉಚಿತ ಕರೆಂಟು ಅಂತ 2008ರಿಂದ ಇದೆ. ಅದು ಹೋರಾಟದಿಂದ ಬಂದದ್ದು. 2023ರಲ್ಲಿ ಸರ್ಕಾರ ಬೇರೆ ಮಾತು ಆಡಿತು. ಆ ವರ್ಷದ ಸೆಪ್ಟೆಂಬರ್ 22ರ ನಂತರ ಹೊಸ ಸಂಪರ್ಕ ಕೇಳುವವರು ಕಂಬ, ತಂತಿ, ಟ್ರಾನ್ಸ್‌ಫಾರ್ಮರ್ ಖರ್ಚನ್ನು ತಾವೇ ಹೊರಬೇಕು ಎಂದಾಯಿತು. ಲೈನಿನಿಂದ 500 ಮೀಟರ್ ಆಚೆ ಇರುವ ಪಂಪ್‌ಸೆಟ್ಟುಗಳನ್ನು ಸೋಲಾರಿಗೆ ತಳ್ಳುವ ತೀರ್ಮಾನವೂ ಆಯಿತು. ಅಂದರೆ ಒಂದು ಬಾಗಿಲು ಮುಚ್ಚಿ ಇನ್ನೊಂದು ಬಾಗಿಲಲ್ಲಿ ಹಾರ ಹಿಡಿದು ನಿಂತ ಹಾಗೆ. ಸೋಲಾರನ್ನ ನಾವಾಗಿ ಒಪ್ಪಿ ತಗೊಂಡರೆ ಸಂತೋಷ. ಬೇರೆ ದಾರಿಯಿಲ್ಲ ಅಂತ ತಗೊಂಡರೆ ಅದನ್ನ ಸಹಾಯ ಅನ್ನಬೇಡಿ.

ಸೋಲಾರ್ ಪಂಪು ಕೆಲಸ ಮಾಡುತ್ತದೆಯೇ? ಮಾಡುತ್ತದೆ. ಬಾವಿ, ಕೃಷಿ ಹೊಂಡ, ಹೆಚ್ಚು ಆಳವಿಲ್ಲದ ಬೋರು ಇರುವ ಕಡೆ ಸಲೀಸಾಗಿ ಮಾಡುತ್ತದೆ. ರಾತ್ರಿ ಹನ್ನೊಂದಕ್ಕೆ ತ್ರೀ ಫೇಸ್ ಬಂತು ಅಂತ ಹಾವು ಹುಪ್ಪಟೆ ಮಧ್ಯೆ ಗದ್ದೆಗೆ ಓಡೋದು ತಪ್ಪುತ್ತದೆ. ಈ ಒಂದು ಅನುಕೂಲವನ್ನ ಹೆಂಗಸರ ಕೇಳಿ, ಹೇಳ್ತಾರೆ. ಆದರೆ ಕೇಂದ್ರದ ಸಹಾಯಧನ ಲೆಕ್ಕ ಹಾಕೋದು 7.5 ಎಚ್.ಪಿ.ವರೆಗೆ ಮಾತ್ರ. ಕೋಲಾರದ ಕಡೆ ಸಾವಿರ ಅಡಿ ಮೀರಿ ಬೋರು ಹೋಗಿದೆ. ಅಷ್ಟು ಆಳದಿಂದ ಸಾಕಷ್ಟು ನೀರೆತ್ತುವ ತಾಕತ್ತು ಆ ಪಂಪಿಗಿಲ್ಲ. ಆದ್ದರಿಂದ ಅರ್ಜಿ ಹಾಕುವ ಮೊದಲು ನಿಮ್ಮ ಬೋರಿನ ನೀರು ಬೇಸಿಗೆಯಲ್ಲಿ ಎಷ್ಟು ಅಡಿಗೆ ನಿಲ್ಲುತ್ತದೆ ಅನ್ನೋದನ್ನ ಅಳೆಸಿ. ಆ ಆಳದಲ್ಲಿ ದಿನಕ್ಕೆ ಎಷ್ಟು ಲೀಟರ್ ಬರುತ್ತದೆ ಅಂತ ಕಂಪನಿಯವನಿಂದ ಬರೆಸಿಕೊಳ್ಳಿ. ಬಾಯಿಮಾತು ಬೇಡ.

ಇನ್ನೂ ಮೂರು ಮಾತು. ಒಂದು, ಈ ಯೋಜನೆಯಲ್ಲಿ ಐದು ವರ್ಷದ ನಿರ್ವಹಣೆ, ರಿಪೇರಿ ಪೂರೈಕೆದಾರನ ಹೊಣೆ. ಅದು ದಾನ ಅಲ್ಲ, ಕೊಟ್ಟ ಬೆಲೆಯಲ್ಲೇ ಸೇರಿದೆ. ರಿಪೇರಿಗೆ ಬರುವವನು ಯಾವ ಊರಲ್ಲಿದ್ದಾನೆ, ಅವನ ಫೋನ್ ನಂಬರ್ ಏನು ಅಂತ ಪಂಪು ನಿಲ್ಲಿಸುವ ದಿನವೇ ಕೇಳಿ. ಎರಡು, ಕುಸುಮ್ ಹೆಸರಲ್ಲಿ ನಕಲಿ ವೆಬ್‌ಸೈಟುಗಳು ನೋಂದಣಿ ಶುಲ್ಕ ಅಂತ ದುಡ್ಡು ಕಿತ್ತಿವೆ. ಕೇಂದ್ರದ ಇಲಾಖೆಯೇ ಎಚ್ಚರಿಕೆ ಕೊಟ್ಟಿತ್ತು. ಯಾವನೋ ಕಳಿಸಿದ ಲಿಂಕಿಗೆ ದುಡ್ಡು ಹಾಕಬೇಡಿ. ಮೂರು, ಈ ಯೋಜನೆಯ ಅವಧಿಯನ್ನು ಮುಂದೂಡಿ 2026ರ ಮಾರ್ಚ್‌ವರೆಗೆ ಎಂದು ಮಾಡಿದ್ದರು. ಯೋಜನೆಗಳು ಬರ್ತಾವೆ, ಹೋಗ್ತಾವೆ, ಹೆಸರು ಬದಲಾಯಿಸ್ತಾವೆ. ದುಡ್ಡು ಕಟ್ಟುವ ದಿನ ಯಾವ ಆದೇಶ ಜಾರಿಯಲ್ಲಿದೆ ಅಂತ ಕಚೇರಿಯಲ್ಲಿ ಕೇಳಿ, ಅದರ ಪ್ರತಿ ತಗೊಳ್ಳಿ.

ಇನ್ನು ಎ ಭಾಗ. ನಮ್ಮ ಬರಡು ಜಮೀನಿನಲ್ಲಿ ಅರ್ಧ ಮೆಗಾವ್ಯಾಟಿನಿಂದ ಎರಡು ಮೆಗಾವ್ಯಾಟಿನವರೆಗೆ ಸೌರ ಘಟಕ ಹಾಕಿ ಕರೆಂಟು ಮಾರಬಹುದು. ಇಪ್ಪತ್ತೈದು ವರ್ಷದ ಒಪ್ಪಂದ. ರೈತನೂ ವಿದ್ಯುತ್ ಉತ್ಪಾದಕನಾಗ್ತಾನೆ ಅಂತ ಪ್ರಚಾರ. ಒಂದು ಮೆಗಾವ್ಯಾಟಿಗೆ ಕೋಟಿಗಟ್ಟಲೆ ಬಂಡವಾಳ ಬೇಕು. ಅದಕ್ಕೆ ಸಬ್ಸಿಡಿ ಎಷ್ಟು? ರೈತನಿಗೆ ಕಾಸೂ ಇಲ್ಲ! ಯೋಜನೆ ಬಂದಾಗ ಪ್ರೋತ್ಸಾಹಧನ ಗೊತ್ತುಮಾಡಿದ್ದು ಕರೆಂಟು ಕೊಳ್ಳುವ ವಿದ್ಯುತ್ ಕಂಪನಿಗೆ: ಯೂನಿಟ್ಟಿಗೆ 40 ಪೈಸೆ ಅಥವಾ ಮೆಗಾವ್ಯಾಟಿಗೆ ವರ್ಷಕ್ಕೆ 6 ಲಕ್ಷ 60 ಸಾವಿರ, ಇವೆರಡರಲ್ಲಿ ಕಡಿಮೆಯದು, ಐದು ವರ್ಷ. ರೈತನಿಗೆ ಉಳಿಯೋದು ಸಾಲ. 2020ರಲ್ಲಿ ಬಂದ ಕೃಷಿ ಮೂಲಸೌಕರ್ಯ ನಿಧಿಯಲ್ಲಿ ಎರಡು ಕೋಟಿವರೆಗಿನ ಸಾಲಕ್ಕೆ ಏಳು ವರ್ಷದ ತನಕ ನೂರಕ್ಕೆ 3ರಷ್ಟು ಬಡ್ಡಿ ರಿಯಾಯಿತಿ. 2024ರಲ್ಲಿ ಅದನ್ನ ಕುಸುಮ್ ಎ ಭಾಗಕ್ಕೂ ಜೋಡಿಸಿದರು. ಬಡ್ಡಿ ಕಡಿಮೆಯಾಯಿತು ಸರಿ, ಅಸಲು ಯಾರದು? ನಮ್ಮದೇ.

ಹಾಗಾಗಿ ಬಹಳ ಜನ ಜಮೀನು ಗುತ್ತಿಗೆ ಕೊಡೋಣ ಅಂತಾರೆ. ಅದಕ್ಕೆ ಪಾವಗಡ ನಮ್ಮ ಕಣ್ಣ ಮುಂದೆ ಇದೆ. ತಿರುಮಣಿ, ವಳ್ಳೂರು ಮುಂತಾದ ಐದು ಹಳ್ಳಿಗಳಲ್ಲಿ ಸುಮಾರು 13 ಸಾವಿರ ಎಕರೆ, 2,050 ಮೆಗಾವ್ಯಾಟಿನ ಪಾರ್ಕು. ಜಮೀನು ಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21 ಸಾವಿರದಿಂದ ಶುರು, ಎರಡು ವರ್ಷಕ್ಕೊಮ್ಮೆ ನೂರಕ್ಕೆ 5 ಏರಿಕೆ. ಮಳೆ ಕೈಕೊಟ್ಟು ಕೊಟ್ಟು ಕಡಲೆಕಾಯಿಯಲ್ಲಿ ಬಿತ್ತನೆ ಬೀಜದ ದುಡ್ಡೂ ಹುಟ್ಟದ ನೆಲದಲ್ಲಿ ಅದು ದೊಡ್ಡ ಆಸರೆಯೇ. ಹತ್ತು ಎಕರೆ ಇದ್ದವನು ಮನೆ ಕಟ್ಟಿದ. ಜಮೀನೇ ಇಲ್ಲದೆ ಅವನ ಹೊಲದಲ್ಲಿ ಕಳೆ ಕೀಳುತ್ತಿದ್ದವಳಿಗೆ ಗುತ್ತಿಗೆ ಹಣ ಬರಲಿಲ್ಲ, ಕೂಲಿಯೂ ಹೋಯಿತು. ಕುರಿ ಮೇಯಿಸುವವನಿಗೆ ಬೇಲಿ ಅಡ್ಡ ಬಂತು. ನಾವು ಜಮೀನುಳ್ಳವರು, ಈ ಮಾತು ನಮಗೆ ಮುಜುಗರ. ಆದರೂ ಹೇಳಲೇಬೇಕು. ಊರು ಅಂದರೆ ಪಹಣಿಯಲ್ಲಿ ಹೆಸರಿರೋರು ಮಾತ್ರ ಅಲ್ಲ. ಮತ್ತೆ ನೂರಕ್ಕೆ 5, ಅದೂ ಎರಡು ವರ್ಷಕ್ಕೆ. ಅಕ್ಕಿ, ಎಣ್ಣೆ, ಆಸ್ಪತ್ರೆ ಖರ್ಚು ಆ ಲೆಕ್ಕದಲ್ಲಿ ಏರ್ತಾವಾ? ಕರಾರು ಮಾಡುವಾಗ ಏರಿಕೆಯ ದರ ಮೊದಲು ನೋಡಿ, ಮೊದಲ ವರ್ಷದ ಹಣ ಆಮೇಲೆ ನೋಡಿ.

ಈಗ ಉದ್ಯಮದ ಸಾಲ. ಕಿರು ಆಹಾರ ಸಂಸ್ಕರಣಾ ಯೋಜನೆ, ಪಿಎಂಎಫ್‌ಎಂಇ ಅಂತ, 2020ರಲ್ಲಿ ಬಂತು. ಗಾಣ, ಹಿಟ್ಟಿನ ಗಿರಣಿ, ಬೆಲ್ಲ, ಹಪ್ಪಳ, ಉಪ್ಪಿನಕಾಯಿ ಇದರೊಳಗೆ ಬರ್ತಾವೆ. ಕೇಂದ್ರದ ಯೋಜನೆಯಲ್ಲಿ ನೂರಕ್ಕೆ 35, ಗರಿಷ್ಠ 10 ಲಕ್ಷ. ಕರ್ನಾಟಕ 15 ಸೇರಿಸಿ ಅರ್ಧಕ್ಕರ್ಧ ಮಾಡಿತು. ಹಳೆಯದು ಪಿಎಂಇಜಿಪಿ, 2008ರದ್ದು. ಹಳ್ಳಿಯಲ್ಲಿ ಸಾಮಾನ್ಯ ವರ್ಗಕ್ಕೆ ನೂರಕ್ಕೆ 25, ಹೆಂಗಸರಿಗೆ, ಪರಿಶಿಷ್ಟರಿಗೆ, ಹಿಂದುಳಿದವರಿಗೆ 35.

ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಈ ಸಬ್ಸಿಡಿ ನಿಮ್ಮ ಕೈಗೆ ಬರೋದಿಲ್ಲ. ಬ್ಯಾಂಕಿಗೆ ಬಂದು ಅಲ್ಲೇ ಮೂರು ವರ್ಷ ಕೂತಿರುತ್ತದೆ. ಹತ್ತು ಲಕ್ಷದ ಗಾಣ ಅಂತ ಇಟ್ಟುಕೊಳ್ಳಿ. ನಿಮ್ಮದು ಒಂದು ಲಕ್ಷ, ಬ್ಯಾಂಕಿನ ಸಾಲ ಒಂಬತ್ತು. ಸಬ್ಸಿಡಿ ಐದು ಬಂದು ಬೇರೆ ಖಾತೆಯಲ್ಲಿ ನಿಲ್ಲುತ್ತದೆ. ಬಂದ ಮೇಲೆ ಆ ಐದಕ್ಕೆ ಬಡ್ಡಿ ಇಲ್ಲ, ಬರೋತನಕ ಒಂಬತ್ತಕ್ಕೂ ಬಡ್ಡಿ. ಮೂರು ವರ್ಷ ಗಾಣ ನಡೆದು ಕಂತು ಸರಿಯಾಗಿದ್ದರೆ ಐದು ವಜಾ ಆಗುತ್ತದೆ. ನಡುವೆ ಗಾಣ ನಿಂತು ಸಾಲ ಕೆಟ್ಟರೆ ಉಳಿದ ಸಾಲ ನಿಮ್ಮ ತಲೆ ಮೇಲೆ. 

ಈ ಕಷ್ಟ ನಮ್ಮದೊಬ್ಬರದೇ ಅಲ್ಲ. ಅಮೆರಿಕದಲ್ಲಿ ರೈತರಿಗೆ, ಹಳ್ಳಿ ಅಂಗಡಿಯವರಿಗೆ ಸೋಲಾರ್ ಹಾಕಿಸಲು ರೀಪ್ ಅನ್ನೋ ಯೋಜನೆ ಇದೆ. 2022ರ ಕಾನೂನಿನ ಮೇಲೆ ಸಹಾಯಧನವನ್ನು ಅರ್ಧದವರೆಗೂ ಏರಿಸಿದ್ದರು. ಅಲ್ಲಿ ಮೊದಲು ರೈತ ಖರ್ಚು ಮಾಡಬೇಕು, ಆಮೇಲೆ ಸರ್ಕಾರ ಕೊಡುತ್ತದೆ. 2025ರ ಆರಂಭದಲ್ಲಿ ಸರ್ಕಾರ ಬದಲಾಗಿ ಹಣ ತಡೆಹಿಡಿದರು. ರುಜು ಆದ ಕರಾರು ಕೈಲಿಟ್ಟುಕೊಂಡು ಸಾಲ ಮಾಡಿ ಪ್ಯಾನಲ್ ಹಾಕಿಸಿದವರು ವಾರಗಟ್ಟಲೆ ದಿಕ್ಕುಗಾಣದೆ ಕೂತರು. ಅಷ್ಟು ಶ್ರೀಮಂತ ದೇಶದಲ್ಲೇ ಹೀಗಾದರೆ, ಹಿಂದಿನಿಂದ ಬರುವ ದುಡ್ಡನ್ನು ನಂಬಿ ಮುಂದಾಗಿ ಸಾಲ ಮಾಡುವಾಗ ನಾವು ಎಷ್ಟು ಯೋಚಿಸಬೇಕು!

ಜಮೀನಿನ ಮೇಲೆ ಇನ್ನೊಂದು ಎಚ್ಚರ. 2002ರ ಸರ್ಫೇಸಿ ಕಾಯ್ದೆಯಲ್ಲಿ ಬ್ಯಾಂಕು ಕೋರ್ಟಿಗೆ ಹೋಗದೆಯೇ ಅಡವಿಟ್ಟ ಆಸ್ತಿ ಹರಾಜು ಹಾಕಬಹುದು. ಕೃಷಿ ಜಮೀನಿಗೆ ಆ ಕಾಯ್ದೆ ತಗಲೋದಿಲ್ಲ. ಆದರೆ ಉದ್ಯಮಕ್ಕೆ ಅಂತ ಅದೇ ಜಮೀನನ್ನ ಭೂಪರಿವರ್ತನೆ ಮಾಡಿಸಿ ಅಡವಿಟ್ಟರೆ ಆ ರಕ್ಷಣೆ ಹೋಯಿತು. ಗಾಣಕ್ಕೆ ಐದು ಗುಂಟೆ ಸಾಕಾದರೆ ಐದೇ ಗುಂಟೆ ಪರಿವರ್ತನೆ ಮಾಡಿಸಿ. ಉಳಿದ ನೆಲ ಹೊಲವಾಗಿಯೇ ಇರಲಿ.

ಕೊನೆಗೆ ಬೆಲೆ. ಗಾಣ ಹಾಕಿದಿರಿ, ಬಿಸಿಲಲ್ಲಿ ಓಡಿಸಿದಿರಿ ಅಂತಲೇ ಇರಲಿ. ಅದು ಸಾಧ್ಯವೂ ಹೌದು: ಪಂಪು ವರ್ಷಕ್ಕೆ ನೂರೈವತ್ತು ದಿನದ ಆಸುಪಾಸು ಓಡುತ್ತದೆ, ಉಳಿದ ದಿನ ಪ್ಯಾನಲ್ ಬರಿದೇ ಬಿಸಿಲು ಕಾಯುತ್ತದೆ. ಯುನಿವರ್ಸಲ್ ಕಂಟ್ರೋಲರ್ ಹಾಕಿಸಿದರೆ ಅದರಲ್ಲೇ ಮೇವು ಕತ್ತರಿಸುವ ಯಂತ್ರ, ಹಿಟ್ಟಿನ ಗಿರಣಿ ಓಡಿಸಬಹುದು. ಆದರೆ ಎಣ್ಣೆಯ ಬೆಲೆ ಗೊತ್ತುಮಾಡೋದು ನಮ್ಮ ಗಾಣ ಅಲ್ಲ, ದಿಲ್ಲಿ. 2024ರ ಸೆಪ್ಟೆಂಬರಿನಲ್ಲಿ ಕಚ್ಚಾ ತಾಳೆ, ಸೋಯಾ, ಸೂರ್ಯಕಾಂತಿ ಎಣ್ಣೆಯ ಮೂಲ ಆಮದು ಸುಂಕವನ್ನು ನೂರಕ್ಕೆ 20 ಮಾಡಿದರು. ಒಂದು ವರ್ಷ ತುಂಬಲಿಲ್ಲ, 2025ರ ಮೇ ಕೊನೆಗೆ 10ಕ್ಕೆ ಇಳಿಸಿದರು. ಆ ಒಂದು ರುಜುವಿನಿಂದ ಹೊರದೇಶದ ಎಣ್ಣೆ ಅಗ್ಗವಾಯಿತು. ನಮ್ಮ ಗಾಣದವನ ಕಂತು ಅಗ್ಗವಾಗಲಿಲ್ಲ. ಎಡಗೈಯಲ್ಲಿ ಸಬ್ಸಿಡಿ ಕೊಟ್ಟು ಬಲಗೈಯಲ್ಲಿ ಬೆಲೆ ಕಿತ್ತುಕೊಳ್ಳೋದು ಅಂದರೆ ಇದೇ.

ಆದ್ದರಿಂದ ಮೂರು ಕೆಲಸ ಮಾಡೋಣ. ಮೊದಲನೆಯದು, ಪ್ರತಿ ಯೋಜನೆಯ ಒಟ್ಟು ಬೆಲೆ, ಸಬ್ಸಿಡಿ, ಸಾಲ, ಸೋತರೆ ಏನಾಗುತ್ತದೆ ಅನ್ನೋದು, ಇಷ್ಟನ್ನೂ ಕನ್ನಡದಲ್ಲಿ ಒಂದೇ ಹಾಳೆಯಲ್ಲಿ ಕೊಡಬೇಕು ಅಂತ ಗ್ರಾಮಸಭೆಯಲ್ಲಿ ಕೇಳೋಣ. ಹಾಳೆ ಕೊಡದವನಿಗೆ ರುಜು ಇಲ್ಲ. ಎರಡನೆಯದು, ಪಂಪು ಕೆಟ್ಟು ಹದಿನೈದು ದಿನ ಆದರೂ ರಿಪೇರಿಯವನು ಬಾರದಿದ್ದರೆ ಒಬ್ಬೊಬ್ಬರೇ ಕಚೇರಿಗೆ ಅಲೆಯೋದು ಬೇಡ; ಊರಿನ ಪಂಪುಗಳ ಪಟ್ಟಿ ಮಾಡಿ ಒಟ್ಟಿಗೆ ಹೋಗೋಣ. ಮೂರನೆಯದು, ಗಾಣಕ್ಕೆ ಸಾಲ ಕೊಡುವ ಸರ್ಕಾರ ಕಡಲೆಕಾಯಿಗೂ ಎಣ್ಣೆಗೂ ನಿಲ್ಲುವ ಬೆಲೆ ಕೊಡಬೇಕು ಅನ್ನೋದನ್ನ ಬಿಡದೆ ಕೇಳೋಣ.

ನಮ್ಮಪ್ಪ ಸಾಹೇಬರನ್ನ ಕೇಳಲಿಲ್ಲ. ಕೇಳಬಾರದು ಅಂತಲ್ಲ, ಕೇಳಬಹುದು ಅನ್ನೋದು ಗೊತ್ತಿರಲಿಲ್ಲ. ನಿಮಗೆ ಗೊತ್ತಿದೆ. ಕೇಳಿ, ಬರೆಸಿಕೊಳ್ಳಿ, ಮನೆಯವರ ಮುಂದೆ ಓದಿಸಿ. ಆಮೇಲೆ ರುಜು ಹಾಕಿ.