ನೆತ್ತಿಗೇರಿದ್ದಲ್ಲ, ಶ್ವಾಸಕೋಶಕ್ಕೆ ಇಳಿದದ್ದು

(ತಾಳವಾಡಿಯಲ್ಲಿ ಗೆಳೆಯರ ಮುಂದೆ ಆಡಿದ ಮಾತು)



ಊಟ ಮಾಡ್ತಾ ಯಾರಾದ್ರೂ ಕೆಮ್ಮಿದ್ರೆ ನಮ್ಮ ಮನೆಗಳಲ್ಲಿ ಏನಂತೀವಿ? 'ನೆತ್ತಿಗೇರ್ತು, ಯಾರೋ ನೆನೆಸ್ಕೊಂಡ್ರು' ಅಂತ ತಲೆ ತಟ್ತೀವಿ. ಪಾರ್ಕಿನ್ಸನ್ ಕಾಯಿಲೆ ಇರೋ ನಮ್ಮಪ್ಪನಿಗೂ ಒಂದು ವರ್ಷ ಹಾಗೇ ತಟ್ಟಿದೆವು. ನೆತ್ತಿಗೆ ಏರ್ತಿರಲಿಲ್ಲ, ಶ್ವಾಸಕೋಶಕ್ಕೆ ಇಳೀತಿತ್ತು.

ಕೈ ನಡುಗೋ ಕಾಯಿಲೆ ಅಂತ ಮಾತ್ರ ನಾವು ತಿಳ್ಕೊಂಡಿದ್ದೆವು. 1817ರಲ್ಲೇ ಇದನ್ನು ವಿವರಿಸಿದ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ನುಂಗೋ ಕಷ್ಟ, ಜೊಲ್ಲು ಸುರಿಯೋದು ಎರಡನ್ನೂ ಬರೆದಿದ್ರು. ಗಂಟಲ ಸ್ನಾಯು ನಿಧಾನವಾದಾಗ ಶ್ವಾಸನಾಳದ ಬಾಗಿಲು ಹೊತ್ತಿಗೆ ಸರಿಯಾಗಿ ಮುಚ್ಚಲ್ಲ. ಅನ್ನ, ನೀರು, ಜೊಲ್ಲಿನ ಜೊತೆ ಬಾಯಲ್ಲಿರೋ ಬ್ಯಾಕ್ಟೀರಿಯಾನೂ ಒಳಗೆ ಹೋಗಿ ನ್ಯುಮೋನಿಯಾ ಆಗುತ್ತೆ. ಈ ಕಾಯಿಲೆಯವರ ಸಾವಿಗೆ ಮುಖ್ಯ ಕಾರಣಗಳಲ್ಲಿ ಇದೂ ಒಂದು. ಅಲ್ಜೈಮರ್ ಆದವರಿಗೂ ಇದೇ ಭಯ. ಕೆಲವರಿಗಂತೂ ಕೆಮ್ಮೇ ಬರಲ್ಲ, ಸದ್ದಿಲ್ಲದೆ ಇಳಿಯುತ್ತೆ.

ಮೊದಲ ಸಲ ದಿಂಬಂ ಘಾಟಿ ಇಳಿಸಿ ಆಸ್ಪತ್ರೆಗೆ ಸೇರಿಸಿದೆವು. ಡಿಸ್ಚಾರ್ಜ್ ದಿನ ನರ್ಸಮ್ಮ ತಮಿಳಲ್ಲಿ ಐದು ನಿಮಿಷ ಚೆನ್ನಾಗೇ ಹೇಳಿದ್ರಂತೆ. ತಮಿಳು ಬರೋ ನಾವು ಬಿಲ್ ಕಟ್ಟೋ ಸಾಲಲ್ಲಿದ್ದೆವು. ಊಟ ಮಾಡಿಸೋ ಅವ್ವ ಎಲ್ಲದಕ್ಕೂ ತಲೆ ಅಲ್ಲಾಡಿಸಿದ್ಳು. ಮನೆಗೆ ಬಂದು, 'ಗಂಟಲಿಗೆ ಸಲೀಸಾಗ್ಲಿ' ಅಂತ, ಪಾಪ, ಮಲಗಿದ್ದಲ್ಲೇ ನೀರು ಗಂಜಿ ಕುಡಿಸಿದ್ಳು. ನುಂಗೋ ತೊಂದರೆ ಇರೋರಿಗೆ ತೆಳ್ಳಗಿರೋದೇ ಕಷ್ಟ, ಗಂಟಲು ಸಿದ್ಧವಾಗೋ ಮುಂಚೆ ಜಾರಿಬಿಡುತ್ತೆ. ಮೂರೇ ವಾರಕ್ಕೆ ಮತ್ತೆ ಜ್ವರ, ಏದುಸಿರು, ಅದೇ ವಾರ್ಡು.

ಬ್ಯಾಂಕ್ ಕೌಂಟರಲ್ಲಿ ತಮಿಳು ಓದೋಕೆ ಬಾರದ ಅಜ್ಜಿಯರಿಗೆ ಚಲನ್ ತುಂಬಿಕೊಡೋರು ನಾವು. ಸ್ವಂತ ಅವ್ವನಿಗೆ ಐದು ನಿಮಿಷದ ಮಾತು ಕನ್ನಡ ಮಾಡಿ ಹೇಳಲಿಲ್ಲ.

ಆಮೇಲೆ ಮೈಸೂರಿಗೆ ಹೋದೆವು. ನುಂಗೋದನ್ನ ಪರೀಕ್ಷೆ ಮಾಡೋರು ಸ್ಪೀಚ್ ಥೆರಪಿಸ್ಟ್ ಅನ್ನೋದೇ ನಮಗೆ ಹೊಸ ವಿಷಯ. ಅಂಥವರನ್ನು ತಯಾರು ಮಾಡೋ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮಾನಸಗಂಗೋತ್ರಿಯಲ್ಲೇ ಇದೆ, ನಮಗೆ ದೂರವೇನಲ್ಲ. ಅಲ್ಲಿ ನೋಡಿದ ಥೆರಪಿಸ್ಟ್ ಅವ್ವನ ಕೈಗೇ ಚಮಚ ಕೊಟ್ಟು ಕಲಿಸಿದ್ರು. ನೆಟ್ಟಗೆ ಕೂರಿಸಿ. ಊಟ ಆಗಿ ಅರ್ಧ ಗಂಟೆ ಮಲಗಿಸಬೇಡಿ. ಚಿಕ್ಕ ತುತ್ತು, ಒಂದು ಇಳಿದ ಮೇಲೇ ಇನ್ನೊಂದು. ತೂಕಡಿಸ್ತಿದ್ರೆ ಏನೂ ಬೇಡ. ಲೆವೋಡೋಪಾ ಮಾತ್ರೆ ಕೆಲಸ ಮಾಡ್ತಿರೋ ಹೊತ್ತಲ್ಲಿ ಊಟ. ಬಾಯಿ, ಹಲ್ಲು ದಿನಾ ಶುಚಿ ಮಾಡಿ, ಇದನ್ನ ಯಾರೂ ಲೆಕ್ಕಕ್ಕೇ ಇಟ್ಟುಕೊಳ್ಳಲ್ಲ. ಅಗಿಯದೆ ನುಂಗೋ ಮುದ್ದೆ, ತೆಳು ಸಾರು ಸದ್ಯಕ್ಕೆ ಬೇಡ ಅಂದಿದ್ದಕ್ಕೆ ಅಪ್ಪ ಎರಡು ದಿನ ಮುನಿಸ್ಕೊಂಡಿದ್ರು. ಎಷ್ಟು ಗಟ್ಟಿ ಇರಬೇಕು ಅನ್ನೋದು ಒಬ್ಬೊಬ್ಬರಿಗೆ ಒಂದೊಂದು, ಪರೀಕ್ಷೆ ಮಾಡಿದವರೇ ಹೇಳಬೇಕು.

ಇಷ್ಟು ಮಾಡಿದ್ರೆ ಮತ್ತೆ ಬರಲ್ಲ ಅಂತಲ್ಲ. ಕಾಯಿಲೆ ಮುಂದುವರೀತಾನೇ ಇದೆ. ಕುಡಿದ ಮೇಲೆ ದನಿ ಗೊರಗೊರ ಅಂದ್ರೆ ಡಾಕ್ಟರಿಗೆ ತಿಳಿಸಿ. ಜ್ವರ ಬಂದ್ರೆ, ಉಸಿರು ಜೋರಾದ್ರೆ, ಇದ್ದಕ್ಕಿದ್ದಂಗೆ ಮಂಕಾದ್ರೆ ಬೆಳಗಾಗ್ಲಿ ಅಂತ ಕಾಯಬೇಡಿ.

ಡಿಸ್ಚಾರ್ಜ್ ದಿನ ಊಟ ಮಾಡಿಸೋರನ್ನೇ ನರ್ಸ್ ಮುಂದೆ ಕೂರಿಸಿ. ನೀವು ಪಕ್ಕದಲ್ಲಿ ನಿಂತು ಒಂದೊಂದು ಮಾತನ್ನೂ ಕನ್ನಡ ಮಾಡಿ. ಬಿಲ್ ಆಮೇಲೆ ಕಟ್ಟಬಹುದು.