ಮುಖಭಂಗ
(ಕೂಟದ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಪಠ್ಯ)



ನಮ್ಮ ಭಾಷೆಯಲ್ಲಿ ಅವಮಾನಕ್ಕೆ 'ಮುಖಭಂಗ' ಎಂಬ ಹೆಸರಿದೆ. ಅದನ್ನು ಅಕ್ಷರಶಃ ಅನುಭವಿಸಿದವನೊಬ್ಬನ ಕಥೆ ಮೈಸೂರಿನ ಇತಿಹಾಸಕ್ಕೇ ಸೇರಿದ್ದು. 1792ರ ಯುದ್ಧದಲ್ಲಿ ಆಂಗ್ಲ ಸೈನ್ಯದ ಎತ್ತುಗಳನ್ನು ಹೊಡೆಯುತ್ತಿದ್ದ ಕಾವಸ್‌ಜೀ ಎಂಬ ಮರಾಠ ರೈತನು ಟೀಪುವಿನ ಕಡೆಯವರಿಗೆ ಸೆರೆಸಿಕ್ಕಿ, ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನು. ಸುಮಾರು ಒಂದು ವರ್ಷ ಹಾಗೆಯೇ ಬಾಳಿದ ಮೇಲೆ, ಪುಣೆಯ ಬಳಿ ಇಟ್ಟಿಗೆ ಮಾಡುವ ಜಾತಿಯವನೊಬ್ಬನು ಅವನಿಗೆ ಹೊಸ ಮೂಗನ್ನು ಕಟ್ಟಿದನು. ಮೇಣದ ಹಾಳೆಯನ್ನು ಮೂಗಿನಂತೆ ರೂಪಿಸಿ, ಅದನ್ನು ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು ಗುರುತು ಹಾಕಿ, ಅಷ್ಟು ಚರ್ಮವನ್ನು ಬಿಡಿಸಿ, ಹುಬ್ಬುಗಳ ನಡುವಿನ ಎಳೆಯನ್ನು ಮಾತ್ರ ಕಡಿಯದೆ ಉಳಿಸಿ, ಕೆಳಕ್ಕೆ ತಿರುಗಿಸಿ ಕೂರಿಸುವುದು ಅವನ ವಿಧಾನ. ಆ ಎಳೆಯಿಂದಲೇ ರಕ್ತಸಂಚಾರ. ಅಂಟಿಗೆ ಕಾಚು, ಹೌದು, ವೀಳ್ಯದೊಡನೆ ನಾವು ಮೆಲ್ಲುವ ಕಾಚು! ಸುಮಾರು 25ನೆಯ ದಿನ ಎಳೆಯನ್ನು ಕಡಿಯುತ್ತಿದ್ದರು.

1794ರ ಅಕ್ಟೋಬರಿನಲ್ಲಿ ಲಂಡನ್ನಿನ 'ಜೆಂಟಲ್‌ಮನ್ಸ್ ಮ್ಯಾಗಜೀನ್' ಇದನ್ನು ಚಿತ್ರಸಹಿತ ಪ್ರಕಟಿಸಿತು. ಅದನ್ನೋದಿದ ಜೋಸೆಫ್ ಕಾರ್ಪ್ಯೂ ಎಂಬ ಶಸ್ತ್ರವೈದ್ಯನು 1814ರಲ್ಲಿ ಲಂಡನ್ನಿನಲ್ಲಿ ಅದೇ ವಿಧಾನವನ್ನು ಅನುಸರಿಸಿದನು. ಹಣೆಯ ಗಾಯ ಕಾಲಕ್ರಮದಲ್ಲಿ ಅಷ್ಟಾಗಿ ಕಾಣದು ಎಂದು ಪತ್ರಿಕೆಯ ವರದಿ ಹೇಳುತ್ತದೆ. ಆದರೆ ಚಿತ್ರವನ್ನು ನೋಡುವ ನಮ್ಮ ಕಣ್ಣು ನೇರವಾಗಿ ಹೋಗುವುದು ಆ ಹಣೆಗೇ.

ಕಣ್ಣು ಹೀಗೇಕೆ ಮಾಡುತ್ತದೆ? ವಾಷಿಂಗ್ಟನ್ನಿಗೆ ಕೂಗಳತೆಯಲ್ಲಿರುವ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವೈದ್ಯರು, ನೋಡುಗರ ದೃಷ್ಟಿ ಎಲ್ಲೆಲ್ಲಿ ನಿಲ್ಲುತ್ತದೆಂಬುದನ್ನು ಯಂತ್ರದಿಂದ ಅಳೆದಿದ್ದಾರೆ. ಸಾಮಾನ್ಯ ಮುಖವೊಂದರಲ್ಲಿ ನೋಟವು ಕಣ್ಣು, ಮೂಗು, ಬಾಯಿಗಳ ನಡುವೆ ಸುತ್ತುತ್ತಿರುತ್ತದೆ. ಗಾಯವೋ ಊನವೋ ಇದ್ದರೆ ನೋಟ ಆ ಸುತ್ತನ್ನು ಬಿಟ್ಟು ಅಲ್ಲಿಗೆ ಸೆಳೆಯಲ್ಪಡುತ್ತದೆ. ಶಸ್ತ್ರಚಿಕಿತ್ಸೆಯ ನಂತರ ಸೆಳೆತ ತಗ್ಗುತ್ತದೆ. ಪೂರ್ಣವಾಗಿ ಅಳಿಯುತ್ತದೆಂದು ಯಾರೂ ಭರವಸೆ ಕೊಡಲಾರರು. ಆ ಮೊದಲ ನೋಟಕ್ಕಾಗಿ ನಾನು ಯಾರನ್ನೂ ದೂಷಿಸುವುದಿಲ್ಲ. ನಮ್ಮ ಅಧೀನದಲ್ಲಿರುವುದು ಎರಡನೆಯ ನೋಟ, ಮತ್ತು ಅದರ ಹಿಂದೆ ಬರುವ ಮಾತು.

ಆ ಮಾತಿನಲ್ಲಿಯೇ ನಮ್ಮವರು ಎಡವುವುದು. ಸೀಳುತುಟಿಯ ಮಗು ಹುಟ್ಟಿದರೆ, ತಾಯಿ ಗ್ರಹಣದ ದಿನ ಹಣ್ಣು ಹೆಚ್ಚಿದಳೇ, ಕತ್ತರಿ ಹಿಡಿದಳೇ ಎಂಬ ವಿಚಾರಣೆ ಇಂದಿಗೂ ಊರಿನಿಂದ ದೂರವಾಣಿಯಲ್ಲಿ ನಡೆಯುತ್ತದೆ. ತುಟಿ ಕೂಡಿಕೊಳ್ಳುವುದು ಗರ್ಭದ 4ರಿಂದ 7ನೆಯ ವಾರಗಳಲ್ಲಿ. ತಾನು ಗರ್ಭಿಣಿಯೆಂದು ಅನೇಕ ತಾಯಂದಿರಿಗೆ ಆಗ ತಿಳಿದಿರುವುದೂ ಇಲ್ಲ! ಅಟ್ಲಾಂಟಾದ ಸಿ.ಡಿ.ಸಿ. ಸಂಸ್ಥೆಯ ಪ್ರಕಾರ ತುಟಿಯ ಶಸ್ತ್ರಚಿಕಿತ್ಸೆ ಮೊದಲ 12 ತಿಂಗಳೊಳಗೆ ಆಗಬೇಕು. ಅಷ್ಟರಲ್ಲಿ ಮಗುವಿನ ನಾಮಕರಣ, ಅನ್ನಪ್ರಾಶನಗಳು ಬಂದು ಹೋಗುತ್ತವೆ. ಕೆಲವು ಮನೆಗಳಲ್ಲಿ ಆ ಕಾಲದ ಛಾಯಾಚಿತ್ರಗಳೇ ಇರುವುದಿಲ್ಲ. ತೆಗೆಯಲಿಲ್ಲ, ಇಲ್ಲವೆ ತೆಗೆದು ಅಡಗಿಸಿಟ್ಟರು. ಮುಂದೆ ಮಗು ಬೆಳೆದು ಕೇಳಿದಾಗ, ತನ್ನ ಮೊದಲ ಮುಖವನ್ನು ಮನೆಯವರೇ ನೋಡಲೊಲ್ಲದೆ ಹೋದರೆಂಬ ಅರ್ಥ ಅದಕ್ಕೆ ಹೊಳೆಯದಿರುವುದೇ? ಆ ಚಿತ್ರಗಳನ್ನು ದಯವಿಟ್ಟು ಆಲ್ಬಮ್ಮಿನಲ್ಲಿಡಿ.

ಯುಗಾದಿಯ ಊಟದ ಸಾಲಿನಲ್ಲಿ ಹಿರಿಯರು ಮಗುವನ್ನು ಬಿಟ್ಟು ತಾಯಿಯನ್ನು, ಅದೂ ಪಿಸುದನಿಯಲ್ಲಿ, ಕೇಳುತ್ತಾರೆ: "ಮಗೂಗೆ ತುಟಿಗೆ ಏನಾಗಿತ್ತಮ್ಮ?" ಆಟದಲ್ಲಿರುವ ಮಕ್ಕಳು ಆ ಮಗುವನ್ನೇ ನೇರವಾಗಿ ಕೇಳುತ್ತಾರೆ. "ಹುಟ್ಟುವಾಗ ಸೇರಿರಲಿಲ್ಲ, ಡಾಕ್ಟರು ಹೊಲಿದರು" ಎಂದು ಅದು ಹೇಳುತ್ತದೆ. ಚೆಂಡು ಮತ್ತೆ ಉರುಳುತ್ತದೆ.