ಕಬ್ಬಿನ ನಾಡಿನ ಎರಲ್ ಬ್ಯಾರೋ
(ನಮ್ಮ ತರುಣ ಮಂಡಳದ ವರ್ಧಾಪನ ದಿನದಂದು ಮಾಡಿದ ಭಾಷಣ)



ಪ್ರತಿ ವರ್ಷ ಈ ದಿನ ಬಾಬಾಸಾಹೇಬರ ಬಗ್ಗೆ, ಫುಲೆ ದಂಪತಿಗಳ ಬಗ್ಗೆ, ಅಣ್ಣಾಭಾವು ಸಾಠೆಯವರ ಬಗ್ಗೆ ಮಾತಾಡ್ತೀವಿ. ಈ ಸಲ ನಾನು ಬಾರ್ಬಡೋಸ್ ದೇಶದ ಒಬ್ಬ ಪ್ರಧಾನಿ ಬಗ್ಗೆ ಮಾತಾಡ್ತೀನಿ ಅಂದಾಗ ನಮ್ಮ ಅಧ್ಯಕ್ಷಣ್ಣ, "ಅಷ್ಟ್ ದೂರ ಯಾಕೋ ತಮ್ಮಾ?" ಅಂದ. ಕಬ್ಬಿನ ಸಲುವಾಗಿ ಅಂದೆ.

ಬಾರ್ಬಡೋಸ್ ಅಂದ್ರ ಹುಡುಗರಿಗೆ ಕ್ರಿಕೆಟ್ ನೆನಪಾಗ್ತದ. ಗ್ಯಾರಿ ಸೋಬರ್ಸ್, ಮಾಲ್ಕಮ್ ಮಾರ್ಷಲ್ ಅಲ್ಲಿಯವರು. ಇಡೀ ದೇಶ ಬರೀ 430 ಚದರ ಕಿಲೋಮೀಟರ್, ನಮ್ಮ ತಾಲೂಕಿನಷ್ಟೂ ಇಲ್ಲ. ಬ್ರಿಟಿಷರು ಅಲ್ಲಿ ಕಬ್ಬು ಬೆಳೆಯೋದಕ್ಕೆ ಆಫ್ರಿಕಾದಿಂದ ಜನರನ್ನು ಗುಲಾಮರನ್ನಾಗಿ ತಂದರು. 1834ರಲ್ಲಿ ಗುಲಾಮಗಿರಿ ರದ್ದಾಯಿತು. ಆದರೆ ಇನ್ನೂ ನಾಲ್ಕು ವರ್ಷ 'ಕೆಲಸ ಕಲಿಯುವವರು' ಅಂತ ಹೆಸರು ಬದಲಿಸಿ ಅದೇ ಹೊಲದಾಗ ದುಡಿಸಿಕೊಂಡರು. ಕಡೆಗೆ ಬಿಡುಗಡೆ ಸಿಕ್ಕಾಗ ಜನರ ಕೈಯಾಗ ಏನಿತ್ತು? ಭೂಮಿ ಎಲ್ಲಾ ತೋಟದ ಧಣಿಗಳದ್ದು. ಅದಕ್ಕ ಅವರು ಹಲಗೆ ಮನೆ ಕಟ್ಟಿಕೊಂಡರು. ಅಡಿಪಾಯ ಇಲ್ಲ, ಕಲ್ಲಿನ ಮ್ಯಾಲ ಇಟ್ಟ ಮನೆ. ಧಣಿ 'ನಡಿ' ಅಂದ್ರ ಹಲಗೆ ಬಿಚ್ಚಿ, ಗಾಡ್ಯಾಗ ಹೇರಿಕೊಂಡು ಬ್ಯಾರೆ ಕಡೆ ಹೋಗಬೇಕು. ಆ ಮನೆಗೆ 'ಚ್ಯಾಟಲ್ ಹೌಸ್' ಅಂತಾರ, ಅಂದ್ರ ಹೊತ್ತುಕೊಂಡು ಹೋಗೋ ಆಸ್ತಿ. ಇದನ್ನ ಓದುವಾಗ ನನಗ ಕಾರ್ಖಾನಿ ಹತ್ತಿರ ನಾವು ಹಾಕೋ ಗುಡಿಸಲು ಕಣ್ಣ ಮುಂದ ಬಂತು. ಸೀಜನ್ ಮುಗಿದ ದಿನ ನಮ್ಮಾಯಿ ತಾಡಪತ್ರಿ ಸುತ್ತಿ, ಗಳ ಕಟ್ಟಿ, ಟ್ರ್ಯಾಕ್ಟರ್‌ನ್ಯಾಗ ಒಗೀತಿದ್ಲು.

ಎರಲ್ ಬ್ಯಾರೋ ಹುಟ್ಟಿದ್ದು 1920ರ ಜನವರಿ 21ರಂದು. ಇಲ್ಲೊಂದು ಮಾತು ಮುಚ್ಚಿಡಬಾರದು: ಅವರು ಕಬ್ಬು ಕಡಿಯುವವರ ಮಗ ಅಲ್ಲ. ತಂದೆ ಪಾದ್ರಿ. ಸೋದರಮಾವ ಚಾರ್ಲ್ಸ್ ಡಂಕನ್ ಓನೀಲ್ ಡಾಕ್ಟರು. ಬಡವರ ಪರವಾಗಿ 1924ರಲ್ಲೇ ಡೆಮಾಕ್ರಟಿಕ್ ಲೀಗ್ ಕಟ್ಟಿದವರು. ಬ್ಯಾರೋ ಹುಡುಗ ಇದ್ದಾಗ, 1937ರಲ್ಲಿ, ಹಸಿವು-ನಿರುದ್ಯೋಗದಿಂದ ಬೇಸತ್ತ ಜನ ದಂಗೆ ಎದ್ದರು. 14 ಮಂದಿ ಸತ್ತರು. ಮುಂದೆ ಎರಡನೇ ಮಹಾಯುದ್ಧದಲ್ಲಿ ಬ್ಯಾರೋ ಬ್ರಿಟಿಷ್ ವಾಯುಪಡೆ ಸೇರಿ ಬಾಂಬರ್ ವಿಮಾನದಲ್ಲಿ 40ಕ್ಕೂ ಹೆಚ್ಚು ಸಲ ಹಾರಿದರು. ಯುದ್ಧ ಮುಗಿದ ಮೇಲೆ ಓದಿದ್ದು ಎಲ್ಲಿ ಗೊತ್ತೇನು? ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್. ಹೌದು, ನಮ್ಮ ಬಾಬಾಸಾಹೇಬರು 1923ರಲ್ಲಿ ಡಿ.ಎಸ್ಸಿ. ಪಡೆದ ಅದೇ ಸಂಸ್ಥೆ.

1951ರಲ್ಲಿ ಅಲ್ಲಿ ಮೊದಲ ಸಲ ಆಸ್ತಿ ಇಲ್ಲದವರೂ ವೋಟು ಹಾಕಿದರು. ಆ ಚುನಾವಣೆಯಲ್ಲೇ ಬ್ಯಾರೋ ಗೆದ್ದರು. ನಾಲ್ಕು ವರ್ಷಕ್ಕ ತಮ್ಮ ಪಕ್ಷದ ಹಿರಿಯರ ಜೊತೆ ಹೊಂದಾಣಿಕೆ ಆಗದೆ ಹೊರಬಂದು ಡೆಮಾಕ್ರಟಿಕ್ ಲೇಬರ್ ಪಾರ್ಟಿ ಕಟ್ಟಿದರು. 1956ರಲ್ಲಿ ಸ್ವತಃ ಸೋತರು! 1958ರ ಉಪಚುನಾವಣೆಯಲ್ಲಿ ಮತ್ತೆ ಬಂದರು, 1961ರಲ್ಲಿ ಸರ್ಕಾರದ ಮುಖ್ಯಸ್ಥರಾದರು.

ಮರು ವರ್ಷವೇ ಸರ್ಕಾರಿ ಹೈಸ್ಕೂಲುಗಳ ಫೀ ತೆಗೆದು ಹಾಕಿದರು. ದೇಶಕ್ಕ ಇನ್ನೂ ಸ್ವಾತಂತ್ರ್ಯಾನೇ ಬಂದಿರಲಿಲ್ಲ, ಅದು ಬಂದದ್ದು 1966ರ ನವೆಂಬರ್ 30ಕ್ಕ. ಮೊದಲು ಶಾಲೆ, ಆಮೇಲೆ ಧ್ವಜ. ನನಗ ಬಾಳ ಹಿಡಿಸಿದ್ದು ಇದೇ. ಅಲ್ಲೀತನಕ ಹೈಸ್ಕೂಲು ಅಂದ್ರ ಫೀ ಕೊಡೋ ತಾಕತ್ತು ಇದ್ದವರಿಗೆ, ಇಲ್ಲಾ ಸ್ಕಾಲರ್‌ಶಿಪ್ ಸಿಕ್ಕ ಎಣಿಸಿದಷ್ಟು ಹುಡುಗರಿಗೆ. ಉಳಿದವರಿಗೆ ಕುಡುಗೋಲು. 1963ರಲ್ಲಿ ಅಲ್ಲೇ ವಿಶ್ವವಿದ್ಯಾಲಯದ ಒಂದು ಶಾಖೆಯೂ ಶುರುವಾಯಿತು. ಶಾಲ್ಯಾಗ ಬಿಸಿ ಊಟದ ವ್ಯವಸ್ಥೆ ಬೆಳೆಸಿದರು. ಅಡಿಗೆ ಅಂದ್ರ ಬ್ಯಾರೋಗೂ ಪ್ರೀತಿ, ಪ್ರಧಾನಿಯೇ ಸೌಟು ಹಿಡಿಯೋ ಮನುಷ್ಯ. ಗೆಳೆಯರ ಜೊತೆ ಸೇರಿ ಅಡಿಗೆ ಪುಸ್ತಕವನ್ನೂ ಬರೆದರು. (ನಮ್ಮ ಮಂಡಳದ ಗಂಡುಹುಡುಗರು ಇದನ್ನ ಕೇಳಿಸಿಕೊಳ್ರಿ.)

ಅವರ ಎಲ್ಲಾ ಕೆಲಸಕ್ಕೂ ಚಪ್ಪಾಳೆ ಹೊಡೆಯೋಕ್ಕ ಆಗೋದಿಲ್ಲ. 1970ರಲ್ಲಿ ಕರಿಯರ ಸ್ವಾಭಿಮಾನದ ಚಳವಳಿ ಜೋರಾದಾಗ ಸಭೆ-ಭಾಷಣಗಳಿಗೆ ಕಡಿವಾಣ ಹಾಕೋ ಕಾಯ್ದೆ ತಂದದ್ದು ಇವರ ಸರ್ಕಾರವೇ. ತಮ್ಮದೇ ಜನ ಬಾಯಿ ತೆರೆದರೆ ಅಂಜಿಕಿ ಯಾಕ? ನನಗ ಇದು ಒಪ್ಪಿಗೆ ಆಗಲಿಲ್ಲ. 1976ರಲ್ಲಿ ಸೋತು ಹತ್ತು ವರ್ಷ ವಿರೋಧಪಕ್ಷದಲ್ಲಿ ಕೂತರು. 1983ರಲ್ಲಿ ಅಮೆರಿಕ ಪಕ್ಕದ ಗ್ರೆನೆಡಾಕ್ಕೆ ಸೈನ್ಯ ನುಗ್ಗಿಸಿದಾಗ, ಬಾರ್ಬಡೋಸ್ ಸರ್ಕಾರವೇ ಅದಕ್ಕ ಕೈಜೋಡಿಸಿದ್ದರೂ ಇವರು ವಿರೋಧಿಸಿದರು.

1986ರ ಚುನಾವಣೆಯ ಒಂದು ಸಭೆಯಲ್ಲಿ ಅವರು ಜನರಿಗೆ ಕೇಳಿದ್ದು ಇಷ್ಟೇ: ಕನ್ನಡಿ ನೋಡಿಕೊಂಡಾಗ ನಿಮಗೆ ನಿಮ್ಮ ಬಗ್ಗೆ ಏನು ಕಾಣಿಸ್ತದ? ಸಾಲ ಮನ್ನಾ, ಸೀರೆ ಹಂಚಿಕಿ ಕೇಳಿ ಕೇಳಿ ಬೆಳೆದ ನನಗ ಚುನಾವಣ್ಯಾಗ ಇಂಥಾ ಪ್ರಶ್ನೆ ಕೇಳಬಹುದು ಅನ್ನೋದೇ ಹೊಸದು. 27ರಲ್ಲಿ 24 ಸೀಟು ಗೆದ್ದರು. ಒಂದೇ ವರ್ಷಕ್ಕ, 1987ರ ಜೂನ್ 1ರಂದು, ಅಧಿಕಾರದಲ್ಲಿ ಇರುವಾಗಲೇ ತೀರಿಕೊಂಡರು. ಅವರ ಹುಟ್ಟುಹಬ್ಬಕ್ಕ ಅಲ್ಲಿ ಸರ್ಕಾರಿ ರಜೆ.

ಹಲಗೆ ಮನೆಯವರಿಗೆ ನೆಲ ಕೊಳ್ಳೋ ಹಕ್ಕು ಕೊಟ್ಟ ಕಾಯ್ದೆ 1980ರಲ್ಲಿ ಬಂತು. ತಂದದ್ದು ಬ್ಯಾರೋ ಅಲ್ಲ, ಅವರನ್ನ ಸೋಲಿಸಿದ ಪಕ್ಷ. ಯಾರು ತಂದರೇನು, ಅಡಿಪಾಯ ಬಿತ್ತು.

ಇನ್ನ ನಮ್ಮ ವಿಷಯ. ದಸರಾ ಮುಗಿದ್ರ ಟ್ರ್ಯಾಕ್ಟರ್ ಬರ್ತಾವು. ಹೋದ ವರ್ಷ ನಮ್ಮ ಓಣಿಯಿಂದ ಒಂಬತ್ತು ಮಕ್ಕಳು ತಂದೆ-ತಾಯಿ ಜೊತೆ ಕಬ್ಬಿಗೆ ಹೋದರು. ಹಾಜರಿ ಪುಸ್ತಕದಾಗ ಹೆಸರಿತ್ತು, ಹುಡುಗರು ಇರಲಿಲ್ಲ. ಸಣ್ಣವನಿದ್ದಾಗ ನಾನೂ ಎರಡು ವರ್ಷ ಹಂಗ ಹೋದವನೇ. ಈ ಸಲ ಅವರನ್ನ ಊರಾಗೇ ಬಿಟ್ಟು ಹೋಗ್ರಿ. ರಾತ್ರಿ ಅಭ್ಯಾಸ ನಮ್ಮ ಮಂಡಳದ ಹುಡುಗರು ಮಾಡಸ್ತೀವಿ. ಊಟಕ್ಕ ನಾಲ್ಕು ಮನೆಯ ಆಯಿಗಳು ಈಗಾಗಲೇ ಹೂಂ ಅಂದಾರ. ಭಾಷಣ ಮುಗಿದ ಮ್ಯಾಲ ವಹಿ ಹಿಡಕೊಂಡು ಸಮಾಜ ಮಂದಿರದ ಬಾಗಿಲದಾಗ ಕೂತಿರ್ತೀನಿ. ಹೆಸರು ಬರೆಸಿ ಹೋಗ್ರಿ.

ಜೈಭೀಮ್.